ಕಲ್ಯಾಣ ಬಿಟ್ಟವರೂ ಶರಣರೇ

‘ಸಾವಿಗಂಜಿ ಊರು ಬಿಟ್ಟವರ ಭಕ್ತಿ ಸುಳ್ಳು’ ಎಂದು ಕಲ್ಯಾಣ ತೊರೆದ ಶರಣರ ಬಗ್ಗೆ ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಕುರ್ಚಿಯಲ್ಲಿ ಕೂತು ಪರರ ಪ್ರಾಣ ಕೇಳುವುದು ಬಲು ಸುಲಭ! ಅನಗವಾಡಿಯವರಾದ ನಮಗೆ ಕೂಡಲಸಂಗಮವೇನು ದೂರದ್ದಲ್ಲ, ಕಲ್ಯಾಣದ ಕತೆಯೂ ಹೊಸದಲ್ಲ. 12ನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರು, ಬ್ರಾಹ್ಮಣ ಮಧುವರಸರು ಜಾತಿ ಮೀರಿ ತಮ್ಮ ಮಕ್ಕಳಿಗೆ ಪರಸ್ಪರ ಮದುವೆ ಮಾಡಿ ಎಳೆಹೂಟೆ ಶಿಕ್ಷೆಗೆ ಗುರಿಯಾದರೆನ್ನುತ್ತದೆ ಶರಣ ಪರಂಪರೆ. ಅವರ ಎದೆಗಾರಿಕೆಗೆ ಶರಣು. ಆದರೆ ಅದೇ ಪರಂಪರೆಯ ಪ್ರಕಾರ ಚೆನ್ನಬಸವಣ್ಣನವರು ವಚನದ ಕಟ್ಟುಗಳನ್ನು ಉಳಿಸಿಕೊಂಡು ಉಳವಿಯತ್ತ ನಡೆದರು; ಬೆನ್ನಟ್ಟಿದ ಸೈನ್ಯದೊಡನೆ ಕಾದರವಳ್ಳಿಯಲ್ಲಿ ಕಾಳಗವೂ ಆಯಿತಂತೆ. ಇವರೂ ಹೇಡಿಗಳೇ? ಎಲ್ಲರೂ ಕಲ್ಯಾಣದಲ್ಲೇ ತಲೆಕೊಟ್ಟಿದ್ದರೆ, ಲೇಖಕರು ತಮ್ಮ ವಾದಕ್ಕೆ ಆಸರೆ ಮಾಡಿಕೊಂಡ ವಚನಗಳನ್ನು ಯಾವ ಬೂದಿಯಲ್ಲಿ ಹುಡುಕುತ್ತಿದ್ದರು?