ಪೆನ್‌ಹೋಲ್ಡ್ ಬ್ಯಾಟಿನ ಹಿಂಬದಿಗೂ ರಬ್ಬರ್ ಬೇಕೇ?

ಟೇಬಲ್ ಟೆನಿಸ್‌ನಲ್ಲಿ ಪೆನ್ನು ಹಿಡಿದಂತೆ ಬ್ಯಾಟು ಹಿಡಿಯುವುದರಲ್ಲೂ ಎರಡು ಬಗೆ. ಜಪಾನ್, ಕೊರಿಯಾದವರ ಚೌಕಾಕಾರದ ಬ್ಯಾಟಿಗೆ ಒಂದೇ ಕಡೆ ರಬ್ಬರ್. ಹಿಡಿಕೆಯಲ್ಲಿ ಎದ್ದು ನಿಂತ ಕಾರ್ಕಿಗೆ ತೋರುಬೆರಳು ಕೊಕ್ಕೆ ಹಾಕುತ್ತದೆ, ಹಿಂದಿನ ಮೂರು ಬೆರಳು ಚಾಚಿಕೊಂಡಿರುತ್ತವೆ. ಚೀನೀಯರ ಬ್ಯಾಟು ದುಂಡಗೆ, ಹಿಡಿಕೆ ಗಿಡ್ಡ. ಹೆಬ್ಬೆರಳು, ತೋರುಬೆರಳು ಮುಂದೆ ಚಿಮಟದಂತೆ ಕೂತರೆ ಉಳಿದವು ಹಿಂದೆ ಮಡಚಿರುತ್ತವೆ. ಈಗ ಇದರ ಎರಡೂ ಬದಿಗೆ ರಬ್ಬರ್ ಅಂಟಿಸುತ್ತಾರೆ. 2004ರ ಅಥೆನ್ಸ್ ಒಲಿಂಪಿಕ್ಸ್ ಪುರುಷರ ಸಿಂಗಲ್ಸ್ ಫೈನಲ್‌ನಲ್ಲಿ ಇವೆರಡೂ ಮುಖಾಮುಖಿಯಾಗಿದ್ದವು: ಒಂದು ಬದಿಯ ಬ್ಯಾಟಿನ ಕೊರಿಯಾದ ರ್ಯು ಸೆಯುಂಗ್-ಮಿನ್, ಎರಡು ಬದಿಯ ಚೀನಾದ ವಾಂಗ್ ಹಾವೊ. ಇಂದು ಪೆನ್‌ಹೋಲ್ಡ್ ಕಲಿಯಹೊರಟವರು ಯಾರ ಹಾದಿ ಹಿಡಿಯಬೇಕು?

ಪರ

ಎರಡೂ ಬದಿ ಬೇಕು. ಹಿಂಬದಿಯನ್ನು ಬರಿದಾಗಿ ಬಿಡುವುದೆಂದರೆ ಎಡಮೂಲೆಯನ್ನು ಎದುರಾಳಿಗೆ ಬರೆದುಕೊಟ್ಟ ಹಾಗೆ.

ಹಳೆಯ ಹಿಡಿತದ ಬ್ಯಾಕ್‌ಹ್ಯಾಂಡನ್ನು ಹತ್ತಿರದಿಂದ ನೋಡಿ. ಫೋರ್‌ಹ್ಯಾಂಡ್ ಹೊಡೆಯುವ ಬದಿಯಿಂದಲೇ ಎಡಕ್ಕೆ ಬಂದ ಚೆಂಡನ್ನೂ ತಡೆಯಬೇಕು. ಅದಕ್ಕಾಗಿ ಮಣಿಕಟ್ಟು ತಿರುಚಿ ಬ್ಯಾಟಿನ ಮುಖವನ್ನು ಮುಂದಕ್ಕೆ ಹಿಡಿದು ತಳ್ಳುತ್ತಾರೆ. ತಳ್ಳಬಹುದು, ತಡೆಯಬಹುದು, ಚೆಂಡನ್ನು ಉಜ್ಜಿ ಜೋರಾದ ಟಾಪ್‌ಸ್ಪಿನ್ ಹಾಕಲು ಆ ಭಂಗಿಯಲ್ಲಿ ಕೈಗೆ ಜಾಗವೇ ಸಿಗದು. ಹಿಂದೆಯೂ ರಬ್ಬರ್ ಇದ್ದರೆ ಬ್ಯಾಟಿನ ತಲೆಯನ್ನು ಹೊಟ್ಟೆಯ ಕಡೆ ಎಳೆದುಕೊಂಡು, ಮಣಿಕಟ್ಟನ್ನು ಒಮ್ಮೆಲೇ ಬಿಚ್ಚಿ, ಚೆಂಡಿನ ನೆತ್ತಿ ಸವರಿಕೊಂಡು ಹೋಗಬಹುದು. ಎದುರಾಳಿಯ ಗಿಡ್ಡ ಸರ್ವ್‌ಗೂ ಮೇಜಿನ ಮೇಲೆಯೇ ಸ್ಪಿನ್ ಕೊಡಬಹುದು.

ಚೀನಾದ ಲಿಯು ಗುವೊಲಿಯಾಂಗ್ ಮುಂದೆ ಗುಳ್ಳೆ ರಬ್ಬರ್, ಹಿಂದೆ ನಯವಾದ ರಬ್ಬರ್ ಅಂಟಿಸಿಕೊಂಡು 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಚಿನ್ನ ಗೆದ್ದರು. ಅವರಿಗೆ ಹಿಂಬದಿ ಎದುರಾಳಿಯನ್ನು ಗಲಿಬಿಲಿಗೊಳಿಸುವ ಹೆಚ್ಚುವರಿ ಅಸ್ತ್ರವಾಗಿತ್ತು. ಅದನ್ನೇ ತನ್ನ ಪೂರ್ತಿ ಬ್ಯಾಕ್‌ಹ್ಯಾಂಡ್ ಮಾಡಿಕೊಂಡ ವಾಂಗ್ ಹಾವೊ 2009ರಲ್ಲಿ ವಿಶ್ವ ಚಾಂಪಿಯನ್ ಆದರು.

ಆಟವೂ ಬದಲಾಗಿದೆ. 2000ದಲ್ಲಿ ಚೆಂಡು 38 ಮಿ.ಮೀ.ನಿಂದ 40ಕ್ಕೆ ಬೆಳೆಯಿತು, 2014ರಲ್ಲಿ ಪ್ಲಾಸ್ಟಿಕ್ ಆಯಿತು. ಸ್ಪಿನ್ ಕಡಿಮೆಯಾಗಿ ರ‍್ಯಾಲಿ ಉದ್ದವಾಯಿತು. ಒಂದೇ ಫೋರ್‌ಹ್ಯಾಂಡ್ ಏಟಿಗೆ ಪಾಯಿಂಟ್ ಮುಗಿಸುವುದು ಈಗ ಕಷ್ಟ, ಚೆಂಡು ಮತ್ತೆ ಬಂದೇ ಬರುತ್ತದೆ. ಬಂದದ್ದು ಎಡಕ್ಕೆ ಬಂದರೆ?

ಅಥೆನ್ಸ್‌ನಲ್ಲಿ ಗೆದ್ದದ್ದು ರ್ಯು ಎಂದು ಎದುರು ಪಕ್ಷದವರು ಹೇಳಿಯೇ ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ಅಲ್ಲಿಂದೀಚೆಗೆ ಒಂದೇ ಬದಿಯ ಬ್ಯಾಟಿನಿಂದ ಯಾರೂ ಒಲಿಂಪಿಕ್ಸ್ ಸಿಂಗಲ್ಸ್ ಚಿನ್ನ ಗೆದ್ದಿಲ್ಲ. 2022ರ ಯುರೋಪಿಯನ್ ಚಾಂಪಿಯನ್ ಆದ ಜರ್ಮನಿಯ ಡಾಂಗ್ ಚಿಯು ಆಡುವುದು ಎರಡೂ ಬದಿಯಿಂದ. 17ರ ವಯಸ್ಸಿಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಫ್ರಾನ್ಸ್‌ನ ಫೆಲಿಕ್ಸ್ ಲೆಬ್ರನ್ ಕೂಡ ಅಷ್ಟೇ.  ಕೈಕುಲುಕುವಂತೆ ಬ್ಯಾಟು ಹಿಡಿಯುವ ಶೇಕ್‌ಹ್ಯಾಂಡ್‌ನವರ ಬ್ಯಾಕ್‌ಹ್ಯಾಂಡಿಗೆ ಸಮನಾಗಿ ನಿಲ್ಲಬಲ್ಲ ಪೆನ್‌ಹೋಲ್ಡ್ ಇದೊಂದೇ.

ವಿರೋಧ

ಅಥೆನ್ಸ್ ಫೈನಲ್ ಮುಗಿದದ್ದು 4–2ಕ್ಕೆ, ಕೊನೆಯ ಗೇಮ್ 11–9. ಎಡಮೂಲೆಗೆ ಬಂದ ಚೆಂಡನ್ನು ರ್ಯು ಮತ್ತೆ ಮತ್ತೆ ಸುತ್ತಿ ಬಂದು ಫೋರ್‌ಹ್ಯಾಂಡಿನಿಂದಲೇ ಹೊಡೆದರು. ಆಗಲೇ 40 ಮಿ.ಮೀ. ಚೆಂಡು ಬಂದು ನಾಲ್ಕು ವರ್ಷ ಕಳೆದಿತ್ತು ಎಂಬುದನ್ನೂ ನೆನಪಿಡಿ. ನಾಲ್ಕು ವರ್ಷ ಬಿಟ್ಟು ಬೀಜಿಂಗ್ ಫೈನಲ್‌ನಲ್ಲಿ ಅದೇ ವಾಂಗ್ ಹಾವೊರನ್ನು ಚೀನಾದವರೇ ಆದ ಮಾ ಲಿನ್ 4–1ರಿಂದ ಸೋಲಿಸಿದರು. ಮಾ ಲಿನ್ ಬ್ಯಾಟಿನ ಹಿಂದೆ ರಬ್ಬರ್ ಇತ್ತು, ನಿಜ. ಆದರೆ ಅವರು ನೆಚ್ಚಿಕೊಂಡದ್ದು ಫೋರ್‌ಹ್ಯಾಂಡನ್ನು, ಕಾಲನ್ನು, ಹಳೆಯ ಕಾಲದ ಬ್ಲಾಕನ್ನು.

ಚಾಂಪಿಯನ್ನರ ಮಾತು ಸಾಕು. ನಾನು ಸಂಜೆ ಹೊತ್ತು ಆಡುವವನು. ನನಗೆ ಬ್ಯಾಟಿನ ತೂಕ ಮುಖ್ಯ. ಒಂದು ರಬ್ಬರ್ ಹಾಳೆಯೇ ಸುಮಾರು 40–50 ಗ್ರಾಂ. ಶೇಕ್‌ಹ್ಯಾಂಡ್‌ನಲ್ಲಿ ಆ ಭಾರವನ್ನು ಇಡೀ ಅಂಗೈ ಹಂಚಿಕೊಳ್ಳುತ್ತದೆ. ಪೆನ್‌ಹೋಲ್ಡ್‌ನಲ್ಲಿ ಅದು ಎರಡು ಬೆರಳಿನ ಸಂದಿಯಲ್ಲಿ ನೇತಾಡುತ್ತದೆ. ಎರಡು ರಬ್ಬರಿನ ಹೊಸ ಚೀನೀ ಬ್ಯಾಟು ಹಿಡಿದ ಮೊದಲ ವಾರವೇ ನನ್ನ ತೋರುಬೆರಳಿನ ಬುಡ ಕೆಂಪಾಗಿ ಚರ್ಮ ಕಿತ್ತು ಬಂತು. ಅಂಚನ್ನು ಮರಳು ಕಾಗದದಿಂದ ಉಜ್ಜಿ ಇಳಿಸಿದ ಮೇಲೆ ಬೆರಳು ಉಳಿಯಿತು, ಮಣಿಕಟ್ಟಿನ ನೋವು ಹೋಗಲಿಲ್ಲ. ಕೊನೆಗೆ ಹೀನೋಕಿ ಮರದ ಒಂದೇ ಪದರದ ಜಪಾನಿ ಬ್ಯಾಟಿಗೆ ಬಂದೆ. ಕೈ ಹಗುರಾಯಿತು, ಸರ್ವ್ ಮಾಡುವಾಗ ಮಣಿಕಟ್ಟು ಮತ್ತೆ ಮಾತು ಕೇಳತೊಡಗಿತು.

ಇನ್ನೊಂದು ಮಾತು ಬಲು ಮುಖ್ಯ. ಪೆನ್‌ಹೋಲ್ಡ್ ಹಿಡಿದ ಜಪಾನಿನ ಹಿರೋಜಿ ಸಾಟೊ 1952ರಲ್ಲಿ ವಿಶ್ವ ಚಾಂಪಿಯನ್ ಆದದ್ದು ನಮ್ಮ ಬಾಂಬೆಯಲ್ಲೇ. ಆದರೂ ನಮ್ಮ ತರಬೇತುದಾರರಲ್ಲಿ ಹೆಚ್ಚಿನವರು ಕಲಿತದ್ದು, ಕಲಿಸುವುದು ಶೇಕ್‌ಹ್ಯಾಂಡ್. ಹಿಂಬದಿಯ ಏಟನ್ನು ಪಕ್ಕದಲ್ಲಿ ನಿಂತು ತಿದ್ದುವವರು ಸಿಗುವುದು ಅಪರೂಪ. ವಿಡಿಯೊ ನೋಡಿ ಕಲಿತ ಹುಡುಗರು ಹೆಬ್ಬೆರಳನ್ನು ಸಡಿಲ ಬಿಡುತ್ತಾರೆ, ಬ್ಯಾಟು ಮೇಲಕ್ಕೆ ತೆರೆದುಕೊಳ್ಳುತ್ತದೆ, ಚೆಂಡು ಮೇಜು ದಾಟಿ ಹೋಗುತ್ತದೆ. ಅರೆಬೆಂದ ಆ ಏಟಿಗಿಂತ ಗಟ್ಟಿಯಾದ ಒಂದು ಬ್ಲಾಕ್ ಎಷ್ಟೋ ಮೇಲು.

ಆದ್ದರಿಂದ ಪೋಷಕರಲ್ಲಿ, ತರಬೇತುದಾರರಲ್ಲಿ ನನ್ನದೊಂದು ವಿನಂತಿ: ಎರಡನೆಯ ರಬ್ಬರಿಗೆ ದುಡ್ಡು ಹಾಕುವ ಮುನ್ನ ಆಡುವವರ ಕಾಲು ನೋಡಿ. ಎಡಮೂಲೆಗೆ ಹತ್ತು ಚೆಂಡು ಹಾಕಿ. ಅದರಲ್ಲಿ ಏಳಕ್ಕಾದರೂ ಸುತ್ತಿ ಬಂದು ಫೋರ್‌ಹ್ಯಾಂಡ್ ಹೊಡೆದರೆ ಕಾರ್ಕಿನ ಬ್ಯಾಟನ್ನೇ ಕೊಡಿಸಿ. ನಿಂತಲ್ಲೇ ನಿಂತು ಮಣಿಕಟ್ಟಿನಿಂದ ಆಡುವ ಮಗುವಾದರೆ ಚೀನೀ ಬ್ಯಾಟು ಕೊಡಿಸಿ, ನನ್ನ ತಕರಾರಿಲ್ಲ.