ನೋವಿಲ್ಲದ ಗಂಟು, ನೋವಿನ ಭಯ

ಬೈಲಹೊಂಗಲದ ಪೇಟೆಯಲ್ಲಿ ಇಂದು ರಕ್ತ ಪರೀಕ್ಷೆಯ ಲ್ಯಾಬುಗಳಿಗೆ ಕೊರತೆಯಿಲ್ಲ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿಯೂ ಪರಿಸ್ಥಿತಿ ಹೆಚ್ಚು ಭಿನ್ನವಲ್ಲ. ಕೊರತೆ ಇರುವುದು, ಕೈಗೆ ಬಂದ ವರದಿಯನ್ನು ಓದಿ 'ಇದರಲ್ಲಿ ಹೆದರುವಂಥದ್ದೇನೂ ಇಲ್ಲ' ಎಂದೋ, 'ತಡ ಮಾಡದೆ ಹುಬ್ಬಳ್ಳಿಗೆ ಹೋಗಿ' ಎಂದೋ ಹೊಣೆ ಹೊತ್ತು ಹೇಳುವವರದು. ಕ್ಯಾನ್ಸರ್ ಕುರಿತ ಭಯ ಬೆಳೆಯುವುದು ಈ ಕೊರತೆಯಲ್ಲಿಯೇ. ಅದು ಇರಬಾರದ ಕಡೆ ವಿಪರೀತವಾಗಿ ಬೆಳೆದು, ಕೊಂಚವಾದರೂ ಇರಬೇಕಾದ ಕಡೆ ಕಾಣದಾಗಿದೆ.

ಈ ಭಾಗದ ಹಿರಿಯರು ಆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. 'ದೊಡ್ಡ ಬ್ಯಾನಿ' ಎನ್ನುತ್ತಾರೆ. ಬೆಂಗಳೂರಿನವರಿಗೆ ಕಿದ್ವಾಯಿ ಎಂಬ ಹೆಸರು ಹೇಗೋ ಇಲ್ಲಿಯವರಿಗೆ ನವನಗರ ಹಾಗೆ. ಹುಬ್ಬಳ್ಳಿಯ ನವನಗರದಲ್ಲಿರುವ ಕ್ಯಾನ್ಸರ್ ಆಸ್ಪತ್ರೆಯಿಂದ ಗುಣವಾಗಿ ಬಂದವರು ಊರೂರಲ್ಲಿ ಇದ್ದಾರೆ. ಆದರೂ 'ಅವರನ್ನ ನವನಗರಕ್ಕ ಒಯ್ದಾರಂತ' ಎಂಬ ಮಾತು ಕಿವಿಗೆ ಬಿದ್ದೊಡನೆ ಕಟ್ಟೆಯ ಮೇಲಿನ ಹರಟೆ ನಿಂತುಹೋಗುತ್ತದೆ.

ಕಂದಾಯ ಇಲಾಖೆಯಿಂದ ನಿವೃತ್ತನಾದ ನನ್ನ ಬಳಿಗೆ ಜನ ಈಗ ಪಹಣಿಯ ವಿಚಾರಕ್ಕಿಂತ ಹೆಚ್ಚಾಗಿ ವೈದ್ಯರ ವಿಚಾರ ಕೇಳಿಕೊಂಡು ಬರುತ್ತಾರೆ. 'ಸಾಹೇಬ್ರ, ನಿಮಗ ಗೊತ್ತಿದ್ದ ಡಾಕ್ಟರ್ ಯಾರರೆ ಅದಾರೇನ್ರಿ?' ಹೀಗೆ ಬಂದವರಲ್ಲಿ ಇಬ್ಬರು ನೆನಪಿನಲ್ಲಿ ಉಳಿದಿದ್ದಾರೆ. ಒಬ್ಬರು ಬೈಲಹೊಂಗಲದ ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಹೊಟ್ಟೆಯುಬ್ಬರ, ಎದೆಯುರಿ. ಒಂದೇ ವರ್ಷದಲ್ಲಿ ಎರಡು ಬಾರಿ ಸ್ಕ್ಯಾನಿಂಗ್, ಮೂರು ಬಾರಿ ರಕ್ತ ಪರೀಕ್ಷೆ. ವರದಿಗಳೆಲ್ಲ ಸರಿಯಾಗಿಯೇ ಇದ್ದವು. ಪ್ರತಿ ವರದಿಯೂ ಅವರಿಗೆ ಕೊಟ್ಟಿದ್ದು ಒಂದು ವಾರದ ನಿದ್ದೆಯನ್ನು ಮಾತ್ರ. ಇನ್ನೊಬ್ಬರು ರಾಮದುರ್ಗದ ನೇಕಾರರು. ಕೆನ್ನೆಯ ಒಳಭಾಗದಲ್ಲಿ ಬಿಳಿ ಮಚ್ಚೆ ಮೂಡಿ ತಿಂಗಳುಗಳೇ ಕಳೆದಿದ್ದವು. ತಂಬಾಕು-ಸುಣ್ಣದ ಅಭ್ಯಾಸ ಹದಿಹರೆಯದಿಂದ. ಅವರು ಬಂದದ್ದು ಮಗನ ಕೆಲಸದ ಸಲುವಾಗಿ. ಬಾಯಿಯ ವಿಷಯ ತೆಗೆದವನು ನಾನು. 'ನೋವೇನೂ ಇಲ್ಲಲ್ರೀ' ಎಂದು ನಕ್ಕುಬಿಟ್ಟರು.

ಸಮಸ್ಯೆಯ ತಿರುಳು ಆ ಮಾತಿನಲ್ಲಿದೆ. ನೋವನ್ನು ನಾವು ರೋಗದ ಅಳತೆಗೋಲು ಎಂದು ನಂಬಿದ್ದೇವೆ. ಆದರೆ ಕ್ಯಾನ್ಸರ್ ತನ್ನ ಮೊದಲ ಹಂತದಲ್ಲಿ ಬಹುತೇಕ ನೋಯುವುದಿಲ್ಲ. ಸ್ತನದಲ್ಲಿ ನೋವು ಮಾತ್ರ ಇದ್ದರೆ ಅದು ಕ್ಯಾನ್ಸರ್ ಆಗಿರುವುದು ಅಪರೂಪ. ನೋವಿಲ್ಲದ ಗಟ್ಟಿ ಗಂಟನ್ನು ತೋರಿಸಲೇಬೇಕು, ಅವುಗಳಲ್ಲಿಯೂ ಹೆಚ್ಚಿನವು ನಿರಪಾಯಕಾರಿ ಎಂದು ತಿಳಿದುಬರುತ್ತದೆಯಾದರೂ. ಕುತ್ತಿಗೆಯ ಗಂಟು ನಮ್ಮ ದೇಶದಲ್ಲಿ ಅನೇಕ ಸಲ ಕ್ಷಯದ್ದಾಗಿರುತ್ತದೆ. ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಮುಟ್ಟು ನಿಂತ ಮೇಲೆ ಕಾಣಿಸುವ ರಕ್ತಸ್ರಾವ, ನುಂಗುವಾಗಿನ ತಡೆ, ಕಾರಣವಿಲ್ಲದೆ ಇಳಿಯುವ ತೂಕ - ಇವು ಕೂಡಲೇ ವೈದ್ಯರ ಕಣ್ಣಿಗೆ ಬೀಳಬೇಕಾದವು. ಇವುಗಳ ಬಗ್ಗೆ ಜನ ಸುಮ್ಮನಿರುತ್ತಾರೆ. ತಲೆನೋವು, ಬೆನ್ನುನೋವು, ಗ್ಯಾಸ್ ಬಗ್ಗೆ ರಾತ್ರಿಯೆಲ್ಲ ಎಚ್ಚರವಿರುತ್ತಾರೆ.

ಅರ್ಥಶಾಸ್ತ್ರ ಓದಿದವನಿಗೆ ಇದರಲ್ಲೊಂದು ಲೆಕ್ಕ ಕಾಣುತ್ತದೆ. ಯಾವ ಲಕ್ಷಣವೂ ಇಲ್ಲದ 1,000 ಮಂದಿಯಲ್ಲಿ ಇಬ್ಬರಿಗೆ ಮಾತ್ರ ರೋಗವಿದೆ ಎಂದಿಟ್ಟುಕೊಳ್ಳಿ. ನೂರು ಆರೋಗ್ಯವಂತರಲ್ಲಿ ಐವರಿಗೆ ತಪ್ಪಾಗಿ 'ಅನುಮಾನವಿದೆ' ಎನ್ನುವ ಪರೀಕ್ಷೆಯನ್ನು ಎಲ್ಲರಿಗೂ ಮಾಡಿದರೆ, ಇಬ್ಬರನ್ನು ಹುಡುಕಲು ಹೋಗಿ ಸುಮಾರು 50 ಮಂದಿಯ ನಿದ್ದೆ ಕೆಡಿಸಿದಂತಾಗುತ್ತದೆ. ಆ 50 ಮಂದಿ ಮತ್ತೆ ಸ್ಕ್ಯಾನಿಂಗ್, ಬಯಾಪ್ಸಿ ಎಂದು ಅಲೆಯಬೇಕು. ಆರೋಗ್ಯ ತಪಾಸಣಾ ಪ್ಯಾಕೇಜುಗಳಲ್ಲಿ 'ಕ್ಯಾನ್ಸರ್ ಮಾರ್ಕರ್' ಎಂದು ಸೇರಿಸುವ ಸಿಇಎ, ಸಿಎ-125 ಮುಂತಾದ ರಕ್ತ ಪರೀಕ್ಷೆಗಳು ಆರೋಗ್ಯವಂತರಲ್ಲಿ ರೋಗ ಹುಡುಕಲೆಂದು ಇರುವವಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಮೊದಲನೆಯದು, ಮುಟ್ಟಿನ ದಿನಗಳಲ್ಲಿ ಎರಡನೆಯದು ಸುಮ್ಮನೆ ಏರಿರಬಹುದು. ಮಾರುವವರು ಇದನ್ನು ಹೇಳುವುದಿಲ್ಲ. ಹೇಳಿದರೆ ಪ್ಯಾಕೇಜು ಖರ್ಚಾಗುವುದು ಹೇಗೆ?

ಇದರ ದೊಡ್ಡ ಉದಾಹರಣೆ ದಕ್ಷಿಣ ಕೊರಿಯಾ. ಅಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಆರಂಭವಾದಾಗ, ಪಟ್ಟಿಯಲ್ಲಿ ಇಲ್ಲದ ಥೈರಾಯ್ಡ್ ಸ್ಕ್ಯಾನಿಂಗನ್ನು ಆಸ್ಪತ್ರೆಗಳು ಅಲ್ಪ ಹಣಕ್ಕೆ ಜೊತೆಗೆ ಮಾಡತೊಡಗಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲಿಯೇ ಇತ್ತು. ಎಂದೂ ತೊಂದರೆ ಕೊಡದಿದ್ದ ಗಂಟುಗಳಿಗಾಗಿ ಸಾವಿರಾರು ಜನ ಗಂಟಲು ಕುಯ್ಯಿಸಿಕೊಂಡು ಬದುಕಿನುದ್ದಕ್ಕೂ ಮಾತ್ರೆ ನುಂಗುವಂತಾಯಿತು.

ಹಾಗೆಂದು ತಪಾಸಣೆಯೇ ವ್ಯರ್ಥವೆಂದು ಯಾರೂ ತಿಳಿಯಬಾರದು. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿ ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೆಯ ಒಂದರಷ್ಟು ತಗ್ಗಿತ್ತು. ಬಳಸದವರಲ್ಲಿ ಅಂಥ ಲಾಭ ಕಾಣಲಿಲ್ಲ. ನಮ್ಮ ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗಿನ ಧಾರಾಶಿವ) ಹಳ್ಳಿಯ ಹೆಣ್ಣುಮಕ್ಕಳಿಗೆ ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆ ಮಾಡಿದ್ದರಿಂದ ಗರ್ಭಕೊರಳ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದು 2009ರಲ್ಲಿ ವರದಿಯಾಯಿತು. ಯಾರಿಗೆ ಯಾವ ಪರೀಕ್ಷೆ ಎಂಬುದು ತಿಳಿದಿದ್ದರೆ ಸಾಲದ ಹಣದಲ್ಲಿ ಪ್ಯಾಕೇಜು ಕೊಳ್ಳಬೇಕಾಗಿಲ್ಲ. ಬಾಯಿ ನೋಡಲು ಒಂದು ಬ್ಯಾಟರಿ, ಒಂದು ಪುಟ್ಟ ಕನ್ನಡಿ ಸಾಕು. ಭಾರತ ಹುಣ್ಣಿಮೆಯ ಎಲ್ಲಮ್ಮನ ಜಾತ್ರೆಗೆ ಸವದತ್ತಿಯ ಗುಡ್ಡಕ್ಕೆ ಬರುವ ಜನಸ್ತೋಮದ ನಡುವೆ ನಾಲ್ಕು ಜನ ದಂತವೈದ್ಯರನ್ನು ಕೂರಿಸಿದರೆ ಎಷ್ಟು ಕೆಲಸವಾದೀತು!

ಕಾಗದದ ಮೇಲೆ ಸರ್ಕಾರ ಇದನ್ನೆಲ್ಲ ಒಪ್ಪಿಕೊಂಡಿದೆ. 30 ವರ್ಷ ದಾಟಿದವರ ಬಾಯಿ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆಗೆ ಕೇಂದ್ರವು 2016ರಲ್ಲಿಯೇ ಮಾರ್ಗಸೂಚಿ ಹೊರಡಿಸಿತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಗರ್ಭಕೊರಳಿನ ತಪಾಸಣೆಗೆ ಎಂದಾದರೂ ಒಳಗಾದವರು ಶೇ 1.9 ಮಾತ್ರ, ಬಾಯಿಯ ತಪಾಸಣೆ ಶೇ 0.9.

ಆ ಶಿಕ್ಷಕರ ಸಂಕಟವನ್ನು ಶ್ರೀಮಂತರ ಖಯಾಲಿ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಅವರು ಶ್ರೀಮಂತರೂ ಅಲ್ಲ, ಪಿಂಚಣಿಯಲ್ಲಿ ಬದುಕುವವರು. ಅವರ ಅಣ್ಣ ಜಠರದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಭಯಕ್ಕೆ ಹೀಗೆ ಬೇರು ಇರುವಾಗ 'ಏನೂ ಆಗಿಲ್ಲ, ಹೋಗ್ರಿ' ಎಂಬ ಉತ್ತರ ಕೆಲಸ ಮಾಡದು, ಮತ್ತೊಂದು ಸ್ಕ್ಯಾನಿಂಗೂ ಕೆಲಸ ಮಾಡದು. ತಿಂಗಳುಗಟ್ಟಲೆ ಬಿಡದೆ ಕಾಡುವ ರೋಗಭಯವೂ ಒಂದು ಕಾಯಿಲೆ, ಅದಕ್ಕೆ ಮಾತಿನ ಮೂಲಕ ನಡೆಯುವ ಚಿಕಿತ್ಸೆ ಇದೆ ಎಂಬುದು ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಕಿತ್ತೂರು, ಸವದತ್ತಿಗಳಿಗೆ ಧಾರವಾಡದ ಡಿಮ್ಹಾನ್ಸ್ ದೂರವಿಲ್ಲ. 2014ರಲ್ಲಿ ರಾಜ್ಯದಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೇ ಕರೆತರುವ ಉದ್ದೇಶದ್ದು. 2022ರಲ್ಲಿ ಬಂದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಧಾರವಾಡಕ್ಕೆ ಹೋಗಿ ಅಂದರೆ 'ನನಗ ಹುಚ್ಚು ಹಿಡದೈತೇನು?' ಎಂದು ಕೇಳಿದ ಆ ಶಿಕ್ಷಕರು ಕೊನೆಗೆ ಹೋದರು. ಈಗ ಪರೀಕ್ಷೆಗಳ ನಡುವಿನ ಅಂತರ ಹೆಚ್ಚಿದೆ.

ನೇಕಾರರ ಕಥೆ ಬೇರೆ. ಹುಬ್ಬಳ್ಳಿಗೆ ಹೋಗಬೇಕೆಂದರೆ ಒಂದು ದಿನದ ಮಗ್ಗ ನಿಲ್ಲುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಬಯಾಪ್ಸಿಗೆ ಒಂದು ಬಾರಿ, ವರದಿಗೆ ಇನ್ನೊಂದು ಬಾರಿ. 2018ರ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಿಂದ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಸಿಗುತ್ತದೆ. ರೋಗ ಇದೆಯೋ ಇಲ್ಲವೋ ಎಂದು ತಿಳಿಯುವವರೆಗಿನ ಓಡಾಟ ಬಹುಪಾಲು ಕೈಯಿಂದಲೇ. ಅವರ ಮಚ್ಚೆ ಕ್ಯಾನ್ಸರ್ ಆಗಿರಲಿಲ್ಲ, ಆಗುವ ದಾರಿಯಲ್ಲಿತ್ತು. ತಂಬಾಕು ಬಿಟ್ಟಿದ್ದಾರೆ ಎನ್ನುತ್ತಾರೆ. ನಾನು ಪೂರ್ತಿ ನಂಬಿಲ್ಲ. 2013ರಲ್ಲಿ ರಾಜ್ಯ ಗುಟಕಾ ನಿಷೇಧಿಸಿದ ಮೇಲೆ ಪಾನ್ ಮಸಾಲಾ ಮತ್ತು ತಂಬಾಕಿನ ಚೀಟಿಗಳು ಬೇರೆಬೇರೆಯಾಗಿ ಒಂದೇ ಅಂಗಡಿಯಲ್ಲಿ ತೂಗುತ್ತಿರುವುದನ್ನು ಎಲ್ಲರೂ ಕಂಡಿದ್ದಾರೆ.

ತಾಲ್ಲೂಕು ಮಟ್ಟದ ಕೆಡಿಪಿ ಸಭೆಗಳಲ್ಲಿ ನಾನು ಕುಳಿತಿದ್ದೇನೆ. ಅಲ್ಲಿ ಗುರಿ ಎಷ್ಟು, ಸಾಧನೆ ಎಷ್ಟು ಎಂದು ಕೇಳುತ್ತಾರೆ. ಕ್ಯಾನ್ಸರ್ ತಪಾಸಣೆಯ ನಮೂನೆಗೆ ಇನ್ನೆರಡು ಕಾಲಂ ಸೇರಿಸಬೇಕು: ಅನುಮಾನ ಬಂದವರಲ್ಲಿ ಬಯಾಪ್ಸಿಯವರೆಗೆ ತಲುಪಿದವರು ಎಷ್ಟು, ಅವರಿಗೆ ಉತ್ತರ ಸಿಗಲು ಹಿಡಿದ ದಿನಗಳು ಎಷ್ಟು. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಕಟ್ಟಡವೂ ಬೇಡ. ರಾಮದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಬಾಯಿಯಿಂದ ಚೂರು ತೆಗೆದು, ಪರೀಕ್ಷೆಗೆ ಹುಬ್ಬಳ್ಳಿಗೋ ಬೆಳಗಾವಿಗೋ ಕಳುಹಿಸಿ, ವರದಿಯನ್ನು ಅಲ್ಲಿಗೇ ತರಿಸಿಕೊಂಡರೆ ನೇಕಾರರ ಎರಡು ದಿನದ ಮಗ್ಗ ನಿಲ್ಲುವುದಿಲ್ಲ.