ಹೊಸ ಎಂಜಿನನ್ನು ಪಳಗಿಸುವ ವಿಚಾರ

ನಗರ್ತಪೇಟೆಯ ಓಣಿಗಳಲ್ಲಿ ಹೊಸ ಮೋಟಾರ್ ಸೈಕಲ್ಲೊಂದು ಬಂದಿತೆಂದರೆ ಅದು ಒಂದು ಮನೆಯ ಸಂಗತಿಯಾಗಿ ಉಳಿಯುವುದಿಲ್ಲ. ಮೊದಲು ಧರ್ಮರಾಯನ ಗುಡಿಯ ಬಳಿ ಪೂಜೆ, ಚಕ್ರದ ಅಡಿಗೆ ನಿಂಬೆಹಣ್ಣು. ಅದು ಮುಗಿದ ಕೂಡಲೇ ಉಪದೇಶ. ಉಪದೇಶಕರಿಗೆ ನಮ್ಮ ಪೇಟೆಯಲ್ಲಿ ಎಂದೂ ಕೊರತೆಯಿಲ್ಲ. ಈಚೆಗೆ ನಮ್ಮ ವಿದ್ಯಾರ್ಥಿಯೊಬ್ಬನಿಗೆ ಅವನ ತಂದೆ ಸಾಲ ಮಾಡಿ ಇಂತಹ ವಾಹನವೊಂದನ್ನು ಕೊಡಿಸಿದರು. ಮೊದಲ ಐನೂರು ಕಿಲೋಮೀಟರುಗಳವರೆಗೆ ವೇಗ ನಲವತ್ತನ್ನು ಮೀರಕೂಡದು, ಮೀರಿದರೆ ಎಂಜಿನು ಕೆಟ್ಟಿತೆಂದೇ ತಿಳಿ ಎಂದು ಸೋದರಮಾವನ ಆಜ್ಞೆ. ಮೊದಲ ದಿನವೇ ಥ್ರಾಟಲನ್ನು ಪೂರ್ಣ ತಿರುಗಿಸಿ ಓಡಿಸಿದರೆ ಮಾತ್ರ ಎಂಜಿನು ಬಲವಾಗುವುದೆಂದು ಗೆಳೆಯನ ವಾದ. ಹುಡುಗನು ನಮ್ಮ ಬಳಿಗೆ ಬಂದು, ಇಬ್ಬರಲ್ಲಿ ಯಾರ ಮಾತು ನಿಜವೆಂದು ಕೇಳಿದನು. ಭೌತಶಾಸ್ತ್ರವನ್ನು ಬೋಧಿಸುವ ನಾವು ಥಟ್ಟನೆ ಉತ್ತರ ಕೊಡಲಾರದೆ ಹೋದೆವೆಂಬುದನ್ನು ಒಪ್ಪಿಕೊಳ್ಳಬೇಕು.

ವಿಚಾರಮಾಡಿ ನೋಡಿದ ಮೇಲೆ ನಮಗೆ ತೋರಿದ್ದಿಷ್ಟು: ಇಬ್ಬರೂ ತಪ್ಪು ಮಾಪಕವನ್ನು ಹಿಡಿದಿದ್ದಾರೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಎಂಜಿನಿನ ಒಳಗೆ ನಡೆಯುವುದೇನೆಂಬುದನ್ನು ಮೊದಲು ನೋಡಬೇಕು.

ಹೊಸ ಒರಳುಕಲ್ಲನ್ನು ಮನೆಗೆ ತಂದಾಗ ನಮ್ಮ ಅಜ್ಜಿಯರು ಏನು ಮಾಡುತ್ತಿದ್ದರು? ಮೊದಲು ತೌಡನ್ನೋ ನುಚ್ಚನ್ನೋ ಹಾಕಿ ರುಬ್ಬಿ ಅದನ್ನು ಹೊರಗೆ ಚೆಲ್ಲುತ್ತಿದ್ದರು. ಉಳಿಯ ಏಟಿನಿಂದ ಸಡಿಲವಾಗಿ ನಿಂತಿದ್ದ ಕಣಗಳು ಹೀಗೆ ಉದುರಿಹೋಗಿ, ಗುಂಡು ಮತ್ತು ಒರಳು ಒಂದಕ್ಕೊಂದು ಹೊಂದಿಕೊಂಡ ಬಳಿಕವೇ ಅದು ಊಟದ ಹಿಟ್ಟಿಗೆ ಯೋಗ್ಯವಾಗುತ್ತಿತ್ತು. ಎಂಜಿನನ್ನು ಪಳಗಿಸುವುದೂ ಇದೇ ಕೆಲಸ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ.

ಕನ್ನಡಿಯಂತೆ ಹೊಳೆಯುವ ಲೋಹದ ಮೈಯೂ ಸೂಕ್ಷ್ಮದರ್ಶಕದಡಿಯಲ್ಲಿ ಬೆಟ್ಟಗುಡ್ಡಗಳ ಸೀಮೆಯೇ ಸರಿ. ಘರ್ಷಣೆಯು ಮುಟ್ಟುವ ಮೈಗಳ ವಿಸ್ತಾರವನ್ನು ಅವಲಂಬಿಸದೆ, ಒತ್ತುವ ಭಾರವನ್ನು ಮಾತ್ರ ಅವಲಂಬಿಸುವುದೆಂದು ಅಮೋಂಟನ್ನನು 1699ರಲ್ಲಿ ತಿಳಿಸಿದ್ದನ್ನು ಓದುಗರು ಪಠ್ಯಪುಸ್ತಕದಲ್ಲಿ ಕಂಡಿರಬಹುದು. ಏಕೆ ಹಾಗೆಂಬುದು ಬಹುಕಾಲ ಒಗಟಾಗಿಯೇ ಇದ್ದಿತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕೇಂಬ್ರಿಡ್ಜಿನ ಬೌಡನ್ ಮತ್ತು ಟೇಬರ್ ಇದನ್ನು ವಿವರಿಸಿದರು. ಅವರ ಪ್ರಸಿದ್ಧ ಗ್ರಂಥವು 1950ರಲ್ಲಿ ಹೊರಬಂದಿತು. ಎರಡು ಮೈಗಳು ನಿಜವಾಗಿ ಮುಟ್ಟುವುದು ಕೆಲವೇ ಶಿಖರಗಳ ತುದಿಗಳಲ್ಲಿ. ಭಾರ ಹೆಚ್ಚಿದಂತೆ ಶಿಖರಗಳು ಚಪ್ಪಟೆಯಾಗಿ ಹೊಸವು ಮುಟ್ಟುತ್ತವೆ. ಆದುದರಿಂದ ನಿಜವಾದ ಸ್ಪರ್ಶದ ವಿಸ್ತಾರವು ಭಾರದೊಡನೆಯೇ ಬೆಳೆಯುತ್ತದೆ.

ಪಿಸ್ಟನ್ನಿನ ಸುತ್ತ ತೊಡಿಸಿರುವ ಉಂಗುರಗಳು ಸಿಲಿಂಡರಿನ ಗೋಡೆಯನ್ನು ಉಜ್ಜುತ್ತ ಸಾಗುತ್ತವೆ. ಕಾರ್ಖಾನೆಯಲ್ಲಿ ಆ ಗೋಡೆಯನ್ನು ಬೇಕೆಂದೇ ಪೂರ್ತಿ ನುಣುಪು ಮಾಡುವುದಿಲ್ಲ. ಒಂದನ್ನೊಂದು ಓರೆಯಾಗಿ ಕತ್ತರಿಸುವ ಗೀರುಗಳನ್ನು ಅದರ ಮೇಲೆ ಮೂಡಿಸುತ್ತಾರೆ. ಇವುಗಳ ಆಳ ಕೆಲವೇ ಮೈಕ್ರಾನುಗಳು, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು. ಗೀರುಗಳ ತಗ್ಗಿನಲ್ಲಿ ಕೀಲೆಣ್ಣೆ ನಿಲ್ಲುತ್ತದೆ. ದಿಣ್ಣೆಗಳನ್ನು ಉಂಗುರವು ಮೆಲ್ಲಗೆ ಸವೆಸಿ ತನಗೆ ಒಪ್ಪುವ ದಾರಿಯನ್ನು ಮಾಡಿಕೊಳ್ಳುತ್ತದೆ. ಹೀಗೆ ಹೊಂದಿಕೊಂಡ ಉಂಗುರವು ಮೇಲಿನ ಅನಿಲವನ್ನು ಕೆಳಕ್ಕೆ ಬಿಡದು, ಕೆಳಗಿನ ಎಣ್ಣೆಯನ್ನು ಮೇಲಕ್ಕೆ ಬಿಡದು. ಮೊದಲಲ್ಲಿ ಬೇಗ ಸವೆದು, ಬಳಿಕ ಬಹುಕಾಲ ಬಲು ನಿಧಾನವಾಗಿ ಸವೆಯುವುದೇ ಒಳ್ಳೆಯ ಎಂಜಿನಿನ ಲಕ್ಷಣ.

ಈಗ ಗೆಳೆಯನ ವಾದಕ್ಕೆ ಬರೋಣ. ಅದರಲ್ಲಿ ಅರ್ಧ ಸತ್ಯವುಂಟು. ಉಂಗುರವನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿತ ಮಾತ್ರವಲ್ಲ. ದಹನದಿಂದ ಹುಟ್ಟಿದ ಅನಿಲವು ಉಂಗುರದ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನಿಗೆ ಕೆಲಸವೇ ಇಲ್ಲದಿದ್ದರೆ ಈ ಒತ್ತಡ ಸಾಲದು. ಆಗ ದಿಣ್ಣೆಗಳು ಸವೆಯುವ ಬದಲು, ಬಿಸಿಗೆ ಬೆಂದ ಎಣ್ಣೆಯು ಗೀರುಗಳಲ್ಲಿ ಮೆರುಗಿನಂತೆ ಅಂಟಿ, ಉಂಗುರ ಎಂದೂ ಸರಿಯಾಗಿ ಕೂಡದೆ ಹೋಗಬಹುದು. ಅತಿಯಾದ ಮುದ್ದಿನಿಂದಲೂ ಎಂಜಿನು ಕೆಡುವುದುಂಟು.

ಆದರೆ ಇದರಿಂದ ಪೂರ್ಣ ಥ್ರಾಟಲ್ ಸರಿಯೆಂದು ಸಿದ್ಧವಾಗುವುದಿಲ್ಲ. ದಿಣ್ಣೆಗಳು ಉಜ್ಜಿದಲ್ಲೆಲ್ಲ ಶಾಖ ಹುಟ್ಟುತ್ತದೆ. ಅಲ್ಯೂಮಿನಿಯಮ್ ಬೀಡುಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುವ ಲೋಹ. ಐವತ್ತು ಮಿಲಿಮೀಟರ್ ವ್ಯಾಸದ ಪಿಸ್ಟನ್ನು ನೂರು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 0.12 ಮಿಲಿಮೀಟರ್ ಹಿಗ್ಗುವುದು. ಕಬ್ಬಿಣದ ಸಿಲಿಂಡರು ಅಷ್ಟೇ ಬಿಸಿಯಾದರೂ 0.06ರಷ್ಟು ಮಾತ್ರ. ನಡುವೆ ಬಿಟ್ಟಿರುವ ಸಂದೇ ಅತಿ ಸಣ್ಣದು. ಮೈಗಳು ಇನ್ನೂ ಹೊಂದಿಕೊಳ್ಳದಿರುವಾಗ ಶಾಖ ಮಿತಿಮೀರಿದರೆ ಪಿಸ್ಟನ್ನು ಗೋಡೆಯನ್ನು ಕಚ್ಚಿ ಹಿಡಿಯುವ ಭಯವುಂಟು. ಇಷ್ಟೇ ಅಲ್ಲ, ಪಳಗಬೇಕಾದದ್ದು ಉಂಗುರವೊಂದೇ ಏನು? ಗೇರಿನ ಹಲ್ಲು, ಕ್ಲಚ್ಚಿನ ಬಿಲ್ಲೆ, ಬ್ರೇಕು, ಟೈರು ಎಲ್ಲವೂ ಹೊಸವು. ಹೊಸ ಟೈರಿನ ಮೇಲೆ ಮೊದಲ ದಿನವೇ ವೇಗದ ಪರೀಕ್ಷೆ ನಡೆಸುವವನು ಎಂಜಿನಿಗಿಂತ ಮೊದಲು ತನ್ನ ಮೊಣಕಾಲಿನ ಚಿಂತೆ ಮಾಡುವುದು ಮೇಲು.

ಹಾಗಾದರೆ ಮಾವನ ಮಾತು? ಅವರು ಯೌವನದಲ್ಲಿ ಯೆಜ್ಡಿ ಓಡಿಸಿದವರು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ ಹೆಸರಿನಲ್ಲಿಯೂ, ಅನಂತರ ಯೆಜ್ಡಿ ಎಂಬ ಹೆಸರಿನಲ್ಲಿಯೂ ವಾಹನಗಳನ್ನು ತಯಾರಿಸಿ, 1996ರಲ್ಲಿ ಮುಚ್ಚಿತು. ಅವು ಎರಡು ಹೊಡೆತದ ಎಂಜಿನುಗಳು. ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲಿಯೇ ಬೆರೆತು ಬರಬೇಕು. ಹೊಸದರಲ್ಲಿ ಎಣ್ಣೆಯ ಪಾಲನ್ನು ಹೆಚ್ಚಿಸುತ್ತಿದ್ದರು. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ವೇಗವಾಗಿ ಇಳಿದರೆ ಪೆಟ್ರೋಲಿನೊಡನೆ ಎಣ್ಣೆಯೂ ನಿಲ್ಲುವುದು, ಪಿಸ್ಟನ್ನು ಮಾತ್ರ ಓಡುತ್ತಲೇ ಇರುವುದು! ಅಂತಹ ಯಂತ್ರಕ್ಕೆ ಅಷ್ಟು ಜಾಗರೂಕತೆ ನ್ಯಾಯವೇ. ಇಂದು ನಮ್ಮ ರಸ್ತೆಗೆ ಬರುವ ಹೊಸ ಪೆಟ್ರೋಲ್ ಮೋಟಾರ್ ಸೈಕಲ್ಲುಗಳು ನಾಲ್ಕು ಹೊಡೆತದವು. ಅವುಗಳ ಎಣ್ಣೆ ಬೇರೆಯಾಗಿಯೇ ಇದ್ದು ಪಂಪಿನಿಂದ ಹರಿಯುತ್ತದೆ. ಯಂತ್ರ ಬದಲಾಯಿತು, ಬುದ್ಧಿವಾದ ಬದಲಾಗಲಿಲ್ಲ.

ನಮ್ಮ ಮುಖ್ಯ ಆಕ್ಷೇಪ ಬೇರೆಯೇ ಇದೆ. ಎಂಜಿನಿನ ಎಳೆತನವನ್ನು ಕಿಲೋಮೀಟರುಗಳಲ್ಲಿ ಅಳೆಯುವುದು ನಗರ್ತಪೇಟೆಯಲ್ಲಿ ಏನಾಗುತ್ತದೆಂದು ಲೆಕ್ಕಹಾಕಿ ನೋಡಿರಿ. ಪಿಸ್ಟನ್ನಿನ ಹೊಡೆತದ ಉದ್ದ ಐದು ಸೆಂಟಿಮೀಟರ್ ಎಂದು ಹಿಡಿಯೋಣ. ಸಣ್ಣ ವಾಹನಗಳಲ್ಲಿ ಇದು ಸಾಮಾನ್ಯ. ಒಂದು ಸುತ್ತಿಗೆ ಅದು ಕೆಳಗಿಳಿದು ಮೇಲೇರಿ ಹತ್ತು ಸೆಂಟಿಮೀಟರ್ ಉಜ್ಜುತ್ತದೆ. ನಿಮಿಷಕ್ಕೆ 1400 ಸುತ್ತಿನಂತೆ ನಿಂತಲ್ಲೇ ಗುರುಗುಟ್ಟುವ ಎಂಜಿನಿನಲ್ಲಿ ಉಂಗುರವು ನಿಮಿಷಕ್ಕೆ 140 ಮೀಟರ್, ಗಂಟೆಗೆ 8.4 ಕಿಲೋಮೀಟರ್ ಸಾಗುವುದು. ದೂರಮಾಪಕವು ಸೊನ್ನೆಯನ್ನೇ ತೋರಿಸುತ್ತಿರುತ್ತದೆ. ಇನ್ನು 4000 ಸುತ್ತಿನಲ್ಲಿ ನೂರು ಸಿ.ಸಿ.ಯ ವಾಹನವು ಮೊದಲ ಗೇರಿನಲ್ಲಿ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ, ನಾಲ್ಕನೆಯದರಲ್ಲಿ ನಲವತ್ತರ ಸಮೀಪ ಹೋಗುತ್ತದೆ. ಅಂದರೆ ರಸ್ತೆಯ ಒಂದು ಕಿಲೋಮೀಟರಿಗೆ ಓಣಿಯಲ್ಲಿ ಉಜ್ಜುವಿಕೆ ಹೆದ್ದಾರಿಯ ಮೂರು ಪಟ್ಟಿಗೂ ಹೆಚ್ಚು. ಅದರ ಮೇಲೆ, ಗಾಳಿಯಿಂದಲೇ ತಂಪಾಗಬೇಕಾದ ಎಂಜಿನಿಗೆ ಬಟ್ಟೆಯ ಗಂಟು ಹೊತ್ತ ಕೈಗಾಡಿಯ ಹಿಂದೆ ನಿಂತಿರುವಾಗ ಗಾಳಿಯೆಲ್ಲಿ? ವೇಗ ಹತ್ತನ್ನೂ ಮೀರಲಿಲ್ಲ, ಮಾವನ ಆಜ್ಞೆ ಅಕ್ಷರಶಃ ನಡೆಯಿತು, ಎಂಜಿನು ಬೆಂದಿತು.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಾವು ಕೊಂಡ ವಾಹನವನ್ನು ಮೊದಲ ಎರಡು ತಿಂಗಳು ಮನೆಯಿಂದ ಅವೆನ್ಯೂ ರಸ್ತೆಗೆ, ಅಲ್ಲಿಂದ ಚಿಕ್ಕಪೇಟೆಗೆ, ಮರಳಿ ಮನೆಗೆ ಹೀಗೆ ಆಮೆಯ ನಡಿಗೆಯಲ್ಲಿ ನಡೆಸಿ, ದೊಡ್ಡ ಸಂಯಮವೆಂದು ಹೆಮ್ಮೆಪಟ್ಟೆವು. ಎರಡನೆಯ ವರ್ಷದಲ್ಲಿ ಅದು ಎಣ್ಣೆ ಕುಡಿಯಲು ತೊಡಗಿ ಹಿಂದೆ ನೀಲಿ ಹೊಗೆ ಬಿಟ್ಟಿತು. ಅದಕ್ಕೆ ಕಾರಣ ಇದೇ ಎಂದು ಪ್ರಮಾಣಮಾಡಿ ಹೇಳಲಾರೆವು. ಒಂದು ಎಂಜಿನಿನಿಂದ ಸಿದ್ಧಾಂತ ಹೊರಡುವುದಿಲ್ಲ. ತನ್ನದು ಲಕ್ಷ ಕಿಲೋಮೀಟರ್ ಓಡಿತೆಂದು ಎದೆ ತಟ್ಟಿಕೊಳ್ಳುವವನಿಗೂ ಇದೇ ಮಾತು ಅನ್ವಯಿಸುತ್ತದೆ: ಅದೇ ಎಂಜಿನನ್ನು ಬೇರೆ ಬಗೆಯಲ್ಲಿ ಪಳಗಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಅವನು ಕಂಡಿಲ್ಲ. ಹೊಸದರಲ್ಲಿ ದಿನದಿನಕ್ಕೆ ಮೈಲೇಜು ಏರುವುದೂ ನಿರ್ವಿವಾದ ಸಾಕ್ಷ್ಯವಲ್ಲ. ಪಳಗುತ್ತಿರುವುದು ಎಂಜಿನೋ, ಸವಾರನ ಮಣಿಕಟ್ಟೋ?

ಇಷ್ಟಾಗಿ ತಯಾರಕರು ಕೊಡುವ ಕೈಪಿಡಿಯನ್ನು ಮೀರಿರೆಂದು ನಾವು ಹೇಳುತ್ತಿಲ್ಲ. ಅದರ ಮಿತಿಗಳನ್ನು ಪಾಲಿಸಲೇಬೇಕು. ಆದರೆ ಆಜ್ಞೆಯ ಜೊತೆಗೆ ಕಾರಣವನ್ನೂ ನಾಲ್ಕು ಸಾಲಿನಲ್ಲಿ, ಕನ್ನಡದಲ್ಲಿ, ಅಚ್ಚುಮಾಡಿದರೆ ಕಾಗದವೇನೂ ಮುಗಿದುಹೋಗದು. ಬಿಸಿಯಾಗುವವರೆಗೆ ಮೆಲ್ಲಗೆ ನಡೆಸು. ಒಂದೇ ವೇಗದಲ್ಲಿ ಬಹುಹೊತ್ತು ಹೋಗಬೇಡ. ಮಿತಿಯೊಳಗೇ ಏರಿಸಿ ಇಳಿಸಿ ಎಂಜಿನಿಗೆ ಕೆಲಸ ಕೊಡು. ಮೇಲಿನ ಗೇರಿನಲ್ಲಿ ಏದುಸಿರು ಬಿಡಿಸಬೇಡ. ನಿಂತಲ್ಲಿ ಸುಮ್ಮನೆ ಓಡಿಸಬೇಡ. ಇವೆಲ್ಲಕ್ಕೂ ಮೇಲಿನ ದಿಣ್ಣೆ ಮತ್ತು ಶಾಖದ ಲೆಕ್ಕವೇ ಆಧಾರ. ಕಾರಣ ತಿಳಿದ ಹುಡುಗನಿಗೆ ಮೊದಲ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕೆಂದು ಎರಡು ಬಾರಿ ಹೇಳಬೇಕಾಗಿಲ್ಲ. ಸವೆದ ದಿಣ್ಣೆಗಳ ಪುಡಿ ಆ ಎಣ್ಣೆಯಲ್ಲಿಯೇ ಅಲ್ಲವೆ ಇರುವುದು? ಒರಳಿನ ಮೊದಲ ತೌಡಿನಂತೆ ಅದನ್ನು ಹೊರಗೆ ತೆಗೆಯಬೇಕು. ತೆಗೆದ ಎಣ್ಣೆಯನ್ನು ಚರಂಡಿಗೆ ಚೆಲ್ಲಬಾರದೆಂಬುದು ಬೇರೆ ಮಾತು.

ನಮ್ಮ ವಿದ್ಯಾರ್ಥಿಯು ಈಗ ಬೆಳಗಿನ ಐದೂವರೆಗೆ, ಅಂಗಡಿಗಳ ಬಾಗಿಲು ತೆರೆಯುವ ಮುನ್ನ, ಪೇಟೆಯಿಂದ ಹೊರಟು ಜೆ.ಸಿ. ರಸ್ತೆ ಹಿಡಿದು ಲಾಲ್‌ಬಾಗನ್ನು ದಾಟಿ ಕನಕಪುರದ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬರುತ್ತಾನೆ. ಎಣ್ಣೆ ಬದಲಿಸಿದ ದಿನ ಹಳೆಯದನ್ನು ಗಾಜಿನ ಸೀಸೆಯಲ್ಲಿ ತಂದು ಬಿಸಿಲಿಗೆ ಹಿಡಿದು ತೋರಿಸಿದನು. ಬೆಳ್ಳಿಯ ಧೂಳಿನಂತಹ ಎಳೆಯೊಂದು ಅದರಲ್ಲಿ ಮಿನುಗುತ್ತಿತ್ತು. ಅವನ ಟಿಪ್ಪಣಿ ಪುಸ್ತಕದಲ್ಲಿ ಕಿಲೋಮೀಟರುಗಳ ಪಕ್ಕದಲ್ಲಿಯೇ ಎಂಜಿನು ಓಡಿದ ಗಂಟೆಗಳ ಲೆಕ್ಕವೂ ಇದೆ. ಬೆಳಗಾಗುವ ಮುನ್ನ ದಿನವೂ ಎಲ್ಲಿಗೆ ಹೋಗುತ್ತೀಯೆಂದು ತಂದೆ ಕೇಳಿದರಂತೆ. ಉಂಗುರವನ್ನು ಪಳಗಿಸಲು ಎಂದನಂತೆ. ಅವರು ನಂಬಿದಂತೆ ತೋರಲಿಲ್ಲವಂತೆ.